ಸಹಾಯ ಬೇಕು: ಮರಗಳನ್ನು ಉಳಿಸಿಕೊಂಡು ನಾಗಬನ ಜೀರ್ಣೋದ್ಧಾರ ಮಾಡಿದವರಿದ್ದೀರಾ?

ಎಲ್ಲರಿಗೂ ನಮಸ್ಕಾರ. ಉಡುಪಿ ಸಮೀಪದ ನಮ್ಮ ಕುಟುಂಬದ ಮೂಲ ನಾಗಬನದ (ನಾಗನ ಕಲ್ಲುಗಳಿರುವ ದೇವರ ಕಾಡು) ಜೀರ್ಣೋದ್ಧಾರಕ್ಕೆ ಮಾತುಕತೆ ನಡೆದಿದ್ದು, ಮರಗಳನ್ನು ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟಿ ಸುತ್ತಲೂ ಇಂಟರ್‌ಲಾಕ್ ಹಾಸಬೇಕೆಂಬ ಅಭಿಪ್ರಾಯವೇ ಸದ್ಯ ಬಲವಾಗಿದೆ. ಬನದಲ್ಲಿ ಹಳೆಯ ಸುರಗಿ, ರೆಂಜೆ ಮರಗಳಿವೆ. ನಾಗನ ಕಲ್ಲುಗಳ ಮೇಲೆ ತೋಳಿನಷ್ಟು ದಪ್ಪದ ಬಳ್ಳಿಗಳು ಇಳಿಬಿದ್ದಿವೆ. ನೆಲದಲ್ಲಿ ಪಾದ ಹೂತುಹೋಗುವಷ್ಟು ತರಗೆಲೆಯಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡದಿಂದ ನೀರು ಬೇಗನೆ ಹರಿದು ಕಡಲು ಸೇರುತ್ತದೆ; ಅದನ್ನು ತಡೆದು ಇಂಗಿಸುವುದು ಇಂತಹ ನೆಲವೇ. ಬನದೊಳಗೆ ಕತ್ತಿ ಆಡಿಸಬಾರದು, ಒಣಕಡ್ಡಿಯನ್ನೂ ತರಬಾರದು ಎಂಬ ಹಿರಿಯರ ಕಟ್ಟಳೆ ಕಾಪಾಡಿಕೊಂಡು ಬಂದದ್ದು ಈ ನೆಲವನ್ನೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಇಂಥ ಸಂಯಮ ಬನದ ಹೊರಗೂ ಇದೆ: ಕಷಾಯಕ್ಕೆ ಬೇಕಾದ ಹಾಲೆ ಮರದ ತೊಗಟೆಯನ್ನೂ ಆಟಿ (ತುಳು ತಿಂಗಳು) ಅಮಾವಾಸ್ಯೆಯ ನಸುಕಿನಲ್ಲಿ ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದಲೇ ಜಜ್ಜಿ ತೆಗೆಯುತ್ತಾರೆ.

ನಾಗರಪಂಚಮಿಗೆ ಕುಟುಂಬದವರೆಲ್ಲ ಸೇರಿದಾಗ ತೀರ್ಮಾನವಾಗಲಿದೆ. ಮರಗಳನ್ನು ಹಾಗೆಯೇ ಬಿಟ್ಟು, ಶಾಸ್ತ್ರಕ್ಕೂ ಲೋಪವಾಗದಂತೆ ಪ್ರತಿಷ್ಠೆ ನಡೆಸಿದವರು ದಯವಿಟ್ಟು ಫೋಟೋ ಸಹಿತ ವಿವರ ತಿಳಿಸಿ. ತಂತ್ರಿಗಳು ಏನು ಹೇಳಿದರು ಎಂಬುದು ನನಗೆ ಬಹಳ ಮುಖ್ಯ. ಬನದ ಗಿಡಮರಗಳನ್ನು ತುಳು ಹೆಸರಿನಲ್ಲಿ ಗುರುತಿಸಬಲ್ಲ ಹಿರಿಯರು ಅಥವಾ ಸಸ್ಯಶಾಸ್ತ್ರ ಅಧ್ಯಾಪಕರು ಒಮ್ಮೆ ಬಂದು ನೋಡುವುದಾದರೆ ಕರೆದುಕೊಂಡು ಬರುವ ವ್ಯವಸ್ಥೆಯನ್ನು ನಾನೇ ಮಾಡುತ್ತೇನೆ.