ಪೈ 4: ನಾನೇ ಕಟ್ಟಿದ ಕರ್ನಲ್‌ನಲ್ಲಿ ಸ್ಪೀಡ್ 600 ಬಿಟ್ಟು ಮೇಲೇರುತ್ತಿಲ್ಲ (ಬಗೆಹರಿದಿದೆ)

ಹಳೇಪುಟ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 4 ಜಿಬಿಯ ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್ ಬೋರ್ಡ್) ಇದೆ. ಮನೆಯ ಹಳೇ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್‌ನಿಂದ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಓದಿಸುವುದೇ ಅದರ ಕೆಲಸ. ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಪುಟಕ್ಕೆ 20 ಸೆಕೆಂಡ್ ಹಿಡಿಯುತ್ತಿತ್ತು. ಇಷ್ಟಕ್ಕೆ ಡೆಸ್ಕ್‌ಟಾಪ್ ಎಲ್ಲ ಯಾಕೆ ಅಂತ ಬಿಲ್ಡ್‌ರೂಟ್‌ನಲ್ಲಿ (ಬೇಕಾದಷ್ಟನ್ನೇ ಸೇರಿಸಿ ಲಿನಕ್ಸ್ ಕಟ್ಟುವ ಸಾಧನ) ಪುಟ್ಟ ಸಿಸ್ಟಮ್ ಕಟ್ಟಿದೆ, ಬೋರ್ಡನ್ನು ಪುಸ್ತಕದ ಕಪಾಟಿನ ಮೇಲೆ ಕೂರಿಸಿದೆ. ಬೂಟ್ ಏನೋ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆದರೆ ಅದೇ ಪುಟಕ್ಕೆ ಈಗ 50 ಸೆಕೆಂಡ್!

ಪ್ರೊಸೆಸರ್‌ನ ಸದ್ಯದ ಸ್ಪೀಡ್ ನೋಡಿದರೆ 600000 (ಕಿಲೋಹರ್ಟ್ಜ್, ಅಂದರೆ 600 ಮೆಗಾಹರ್ಟ್ಜ್) ಅಂತ ಬರುತ್ತದೆ. ನಾಲ್ಕೂ ಕೋರ್ ಪೂರ್ತಿ ದುಡಿಯುತ್ತಿದ್ದರೂ ಅಷ್ಟೇ. ಗರಿಷ್ಠ 1500000 ಅಂತಲೇ ಇದೆ. ಬಿಸಿ 48 ಡಿಗ್ರಿ, ಹಾಗಾಗಿ ಅದರ ತಂಟೆ ಅಲ್ಲ. ಕರ್ನಲ್ (ಸಿಸ್ಟಮ್‌ನ ತಿರುಳು) ಕಾನ್ಫಿಗ್‌ನಲ್ಲಿ ಏನು ಎಡವಟ್ಟು ಮಾಡಿದ್ದೇನೆ?

ಕರ್ನಲ್‌ಕಾಕಾ:
ಎಲ್ಲ ಹೇಳಿದಿರಿ, ಗವರ್ನರ್ (ಸ್ಪೀಡ್ ಎಷ್ಟಿರಬೇಕು ಅಂತ ತೀರ್ಮಾನಿಸುವ ಕರ್ನಲ್ ಭಾಗ) ಯಾವುದು ಅಂತ ಮಾತ್ರ ಹೇಳಲಿಲ್ಲ. ಸಿಪಿಯುಫ್ರೀಕ್ ಫೋಲ್ಡರ್‌ನಲ್ಲಿ ಸ್ಕೇಲಿಂಗ್ ಗವರ್ನರ್ ಅನ್ನೋ ಫೈಲ್ ಇದೆ. ಅದರಲ್ಲಿ ಏನಿದೆ ನೋಡಿ.

ಹಳೇಪುಟ:
‘ಪವರ್‌ಸೇವ್’ ಅಂತಿದೆ. ನಾನು ಹಾಕಿದ್ದಲ್ಲ ಸರ್. ಬೋರ್ಡಿನ ಜೊತೆ ಬರುವ ಬಿಸಿಎಂ2711 ಡೆಫ್‌ಕಾನ್ಫಿಗ್ (ಸಿದ್ಧ ಕರ್ನಲ್ ಸೆಟ್ಟಿಂಗ್‌ಗಳ ಫೈಲ್) ಹಾಗೇ ಬಳಸಿದ್ದೇನೆ.

ಕರ್ನಲ್‌ಕಾಕಾ:
ಅದೇ ವಿಷಯ. ಆ ಡೆಫ್‌ಕಾನ್ಫಿಗ್‌ನಲ್ಲಿ ಡೀಫಾಲ್ಟ್ ಗವರ್ನರೇ ಪವರ್‌ಸೇವ್. ಹೆಸರು ಕೇಳಿ ಮೋಸ ಹೋಗಬೇಡಿ. ಈ ಡ್ರೈವರ್‌ನಲ್ಲಿ ಪವರ್‌ಸೇವ್ ಅಂದರೆ ‘ನೋಡಿಕೊಂಡು ಉಳಿಸು’ ಅಂತಲ್ಲ, ‘ಕನಿಷ್ಠ ಸ್ಪೀಡಿನಲ್ಲೇ ಇರು’ ಅಂತ. ಕೆಲಸ ಎಷ್ಟೇ ಬರಲಿ, ಏಳುವುದಿಲ್ಲ. (ಇಂಟೆಲ್‌ನ ಪಿ-ಸ್ಟೇಟ್ ಡ್ರೈವರ್‌ನಲ್ಲೂ ಇದೇ ಹೆಸರಿನದ್ದು ಇದೆ. ಅದು ಮಾಮೂಲಿ ಮೋಡ್‌ನಲ್ಲಿ ಕೆಲಸ ನೋಡಿ ಏರುತ್ತದೆ. ಅಲ್ಲಿಂದ ಬಂದವರೆಲ್ಲ ಇಲ್ಲಿ ಒಮ್ಮೆ ಮುಗ್ಗರಿಸುತ್ತಾರೆ.)

ಹಾಗಾದರೆ ಪೈ ಓಎಸ್‌ನಲ್ಲಿ ಹೇಗೆ ಸರಿಯಿತ್ತು? ಅಲ್ಲಿ ಬೂಟ್ ಆಗುವಾಗ ರಾಸ್ಪಿ-ಕಾನ್ಫಿಗ್ ಅನ್ನೋ ಇನಿಟ್ ಸ್ಕ್ರಿಪ್ಟ್ ಓಡಿ ಗವರ್ನರನ್ನು ಆನ್‌ಡಿಮ್ಯಾಂಡ್‌ಗೆ (ಕೆಲಸ ಬಂದಾಗ ಸ್ಪೀಡ್ ಏರಿಸುವಂಥದ್ದು) ಬದಲಾಯಿಸುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಬೂಟ್ ಮಾಡಿದರೆ ಬದಲಾಯಿಸುವುದಿಲ್ಲ, ಸ್ಕ್ರಿಪ್ಟ್ ತೆಗೆದು ನೋಡಿ, ಅಲ್ಲೇ ಬರೆದಿದೆ. ಬಿಲ್ಡ್‌ರೂಟ್‌ನಲ್ಲಿ ಆ ಸ್ಕ್ರಿಪ್ಟ್ ಎಲ್ಲಿಂದ ಬರಬೇಕು?

ಮೊದಲು ಆ ಸ್ಕೇಲಿಂಗ್ ಗವರ್ನರ್ ಫೈಲಿಗೆ ಆನ್‌ಡಿಮ್ಯಾಂಡ್ ಅಂತ ಎಕೋ ಮಾಡಿ (ಕಮಾಂಡ್‌ನಿಂದ ಬರೆದು) ಪರೀಕ್ಷಿಸಿ. ನಾಲ್ಕೂ ಕೋರ್‌ಗೆ ಒಂದೇ ಪಾಲಿಸಿ, ಸಿಪಿಯು ಸೊನ್ನೆಗೆ ಬರೆದರೆ ಸಾಕು. ಸರಿಹೋದರೆ ಕಾನ್ಫಿಗ್‌ನಲ್ಲೇ ಡೀಫಾಲ್ಟ್ ಬದಲಾಯಿಸಿ. ಮೆನುಕಾನ್ಫಿಗ್‌ನಲ್ಲಿ ಬದಲಾಯಿಸಿ ಸುಮ್ನೆ ಕೂತರೆ ಮುಂದಿನ ಕ್ಲೀನ್‌ಗೆ ಅಳಿಸಿಹೋಗುತ್ತದೆ. ಎರಡು ಸಾಲಿನ ಕಾನ್ಫಿಗ್ ಫ್ರಾಗ್ಮೆಂಟ್ (ಬದಲಾವಣೆ ಮಾತ್ರ ಇರುವ ಫೈಲ್) ಮಾಡಿ ಬಿಲ್ಡ್‌ರೂಟ್‌ಗೆ ತೋರಿಸಿ.

ತಂತಿಜಾಲ:
ಮತ್ತೆ ಬಿಲ್ಡ್ ಮಾಡೋದು ಬೇಜಾರು ಅನ್ನಿಸಿದರೆ, ಕರ್ನಲ್ 5.9ರಿಂದ ಈಚೆಗೆ ಬೂಟ್ ಸಾಲಿನಲ್ಲೇ ‘ಸಿಪಿಯುಫ್ರೀಕ್ ಡಾಟ್ ಡೀಫಾಲ್ಟ್ ಗವರ್ನರ್’ ಕೊಡಬಹುದು. ಕಮಾಂಡ್‌ಲೈನ್ ಫೈಲ್‌ನಲ್ಲಿ ಇರುವ ಸಾಲಿನ ಕೊನೆಗೇ ಸೇರಿಸಿ, ಎಂಟರ್ ಹೊಡೆದು ಹೊಸ ಸಾಲಿಗೆ ಹಾಕಬೇಡಿ. ನಾನು ಹಾಕಿ ಒಂದು ಸಂಜೆ ಕಳೆದಿದ್ದೇನೆ. ಇಲ್ಲ ಅಂದರೆ ಫೋರ್ಸ್ ಟರ್ಬೊ 1 ಮಾಡಿ, ತಲೆನೋವೇ ಇಲ್ಲ.

ಕರ್ನಲ್‌ಕಾಕಾ:
ಫೋರ್ಸ್ ಟರ್ಬೊ ಬೇಡ ಮಾರಾಯ್ರೆ. ಪುಟ ಇಲ್ಲದಾಗಲೂ 1500ರಲ್ಲೇ ಓಡುತ್ತಿರುತ್ತದೆ, ಕಪಾಟಿನ ಮೇಲೆ ಸುಮ್ನೆ ಬಿಸಿ.

ಹಳೇಪುಟ:
ಎಕೋ ಮಾಡಿದೆ. ಸ್ಪೀಡ್ 1500000 ತೋರಿಸುತ್ತಿದೆ! ಆದರೆ ಮೊದಲ ಪುಟ 21 ಸೆಕೆಂಡ್, ಎರಡನೆಯದು 38, ಮೂರನೆಯದು 47. ಫೈಲ್ ಮಾತ್ರ 1500000 ಅಂತಲೇ ಹೇಳುತ್ತಿದೆ. ಇದೇನು ಭೂತಚೇಷ್ಟೆ?

ಕರ್ನಲ್‌ಕಾಕಾ:
ಆ ಫೈಲ್ ಹೇಳುವುದು ಕರ್ನಲ್ ಕೇಳಿದ ಸ್ಪೀಡ್. ಪೈನಲ್ಲಿ ಸ್ಪೀಡ್ ನಿಗದಿ ಮಾಡುವ ಗಡಿಯಾರ (ಕ್ಲಾಕ್) ಇರುವುದು ಫರ್ಮ್‌ವೇರ್ (ಬೋರ್ಡಿನದೇ ಒಳ ತಂತ್ರಾಂಶ) ಕೈಯಲ್ಲಿ. ಕೊಟ್ಟಿದ್ದೆಷ್ಟು ಅಂತ ಅದನ್ನೇ ಕೇಳಬೇಕು. ವಿಸಿಜೆನ್‌ಕಮಾಂಡ್ ಬಿಲ್ಡ್‌ಗೆ ಸೇರಿಸಿ, ‘ಮೆಷರ್ ಕ್ಲಾಕ್ ಆರ್ಮ್’ ಮತ್ತು ‘ಗೆಟ್ ಥ್ರಾಟಲ್ಡ್’ ಎರಡನ್ನೂ ಓಡಿಸಿ. ಅಂದ ಹಾಗೆ ಕರೆಂಟ್ ಯಾವುದರಿಂದ ಕೊಡುತ್ತಿದ್ದೀರಿ? ಕೆಂಪು ದೀಪ ಆಗಾಗ ಆರುತ್ತಿದೆಯಾ?

ಹಳೇಪುಟ:
ಕ್ಲಾಕ್ 60 ಕೋಟಿ ಚಿಲ್ಲರೆ ಹರ್ಟ್ಜ್, ಅಂದರೆ ಮತ್ತೆ ಅದೇ 600. ಥ್ರಾಟಲ್ಡ್ 0ಎಕ್ಸ್50005. ಹೌದು ಸರ್, ದೀಪ ಮಿನುಗುತ್ತಿದೆ, ಎಸ್‌ಡಿ ಕಾರ್ಡ್‌ನದು ಅಂದುಕೊಂಡಿದ್ದೆ. ಮೊದಲಿನ ಅಡಾಪ್ಟರ್ ವೈರ್ ಕಪಾಟಿಗೆ ಎಟುಕಲಿಲ್ಲ. ಈಗಿರುವುದು ಫೋನ್ ಚಾರ್ಜರ್, ಎರಡು ಮೀಟರ್ ಕೇಬಲ್. ಆದರೆ 33 ವ್ಯಾಟ್‌ನದು!

ಕರ್ನಲ್‌ಕಾಕಾ:
ಸಿಕ್ಕಿಬಿತ್ತು. ಬಲಗಡೆಯ 5 ಈಗಿನ ಕಥೆ, ಎಡಗಡೆಯ 5 ಬೂಟ್ ಆದಮೇಲೆ ಒಮ್ಮೆಯಾದರೂ ಆಗಿದ್ದು. 5 ಅಂದರೆ 1 ಮತ್ತು 4. ಒಂದು, ವೋಲ್ಟೇಜ್ ಕಡಿಮೆ. ನಾಲ್ಕು, ಅದಕ್ಕಾಗಿ ಸ್ಪೀಡ್ ಇಳಿಸಿದ್ದೇನೆ. ಬೋರ್ಡಿಗೆ ಬರುವ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಫರ್ಮ್‌ವೇರ್ ಹೀಗೆ ಮಾಡುತ್ತದೆ. ಆಗ ಗವರ್ನರ್ ಏನು ಕೇಳಿದರೂ ಸಿಗುವುದಿಲ್ಲ.

33 ವ್ಯಾಟ್ ನಂಬಬೇಡಿ. ಅಂಥ ಚಾರ್ಜರ್‌ಗಳು ಜಾಸ್ತಿ ವೋಲ್ಟೇಜ್ ಕೊಡುವುದು ಫೋನ್ ಕೇಳಿದಾಗ ಮಾತ್ರ. ಪೈ 4 ಹಾಗೆ ಕೇಳುವುದಿಲ್ಲ, ಅದಕ್ಕೆ ಸಿಗುವುದು ಬರೀ 5 ವೋಲ್ಟ್. ಅದರಲ್ಲೂ ಎರಡು ಮೀಟರ್ ಸಣ್ಣ ತಂತಿ ಒಂದಿಷ್ಟು ನುಂಗುತ್ತದೆ. ಮೊದಲು 600ರಲ್ಲಿ ತೆವಳುತ್ತಿದ್ದಾಗ ಕರೆಂಟ್ ಎಳೆಯುತ್ತಿದ್ದದ್ದೇ ಕಡಿಮೆ, ಅದಕ್ಕೇ ಈ ತೊಂದರೆ ಬಯಲಾಗಿರಲಿಲ್ಲ. ಗವರ್ನರ್ ಸರಿಮಾಡಿದ್ದರಿಂದಲೇ ಗೊತ್ತಾಯಿತು ನೋಡಿ. 5.1 ವೋಲ್ಟ್, 3 ಆಂಪ್‌ನ ಆ ಹಳೇ ಅಡಾಪ್ಟರನ್ನೇ ಹಾಕಿ. ವೈರ್ ಎಟುಕದಿದ್ದರೆ 230 ವೋಲ್ಟ್ ಕಡೆ ಎಕ್ಸ್‌ಟೆನ್ಶನ್ ಬೋರ್ಡ್ ಎಳೆಯಿರಿ, 5 ವೋಲ್ಟ್ ಕಡೆ ಉದ್ದ ಮಾಡಬೇಡಿ.

ಹಳೇಪುಟ:
ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ಹಳೇ ಅಡಾಪ್ಟರ್ ಹಾಕಿದೆ. ಫ್ರಾಗ್ಮೆಂಟ್ ಸೇರಿಸಿ ಕರ್ನಲ್ ಮತ್ತೆ ಬಿಲ್ಡ್ ಮಾಡಿದೆ. ಥ್ರಾಟಲ್ಡ್ ಸೊನ್ನೆ, ಸತತ ನಲವತ್ತು ಪುಟ, ಎಲ್ಲವೂ 20 ಸೆಕೆಂಡ್ ಆಸುಪಾಸು. ಇಬ್ಬರಿಗೂ ಥ್ಯಾಂಕ್ಸ್.

ಟೆಸರಾಕ್ಟ್ ಈಗಲೂ ‘ಮನೆ’ಯನ್ನು ‘ವುನೆ’ ಅಂತಲೇ ಓದುತ್ತಿದೆ, ಆದರೆ ಮೊದಲಿಗಿಂತ ಎರಡೂವರೆ ಪಟ್ಟು ವೇಗವಾಗಿ. ಅದಕ್ಕೆ ಬೇರೆ ಪೋಸ್ಟ್ ಹಾಕುತ್ತೇನೆ.