ಅಡಿಕೆ ಮರದಿಂದ ಬಿದ್ದವರನ್ನು ಬರಿಯ ಹಲಗೆಯ ಮೇಲೆ ಎಷ್ಟು ಹೊತ್ತು ಮಲಗಿಸಿಡಬಹುದು?

ಮುಳ್ಳೇರಿಯದ ತೋಟದವ:
ಮಳೆಗಾಲದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಸಿಂಪಡಿಸುವಾಗ ನನ್ನ ಭಾವ ಅಡಿಕೆ ಮರದಿಂದ ಜಾರಿ ಬಿದ್ದರು. ಆಂಬುಲೆನ್ಸಿನವರು ಕುತ್ತಿಗೆಗೆ ಕಾಲರ್ ಹಾಕಿ, ಪ್ಲಾಸ್ಟಿಕ್ ಹಲಗೆಗೆ ಪಟ್ಟಿಗಳಿಂದ ಬಿಗಿದು ಕರೆದೊಯ್ದರು. ಬದಿಯಡ್ಕ, ಕುಂಬಳೆ, ತಲಪಾಡಿ ದಾಟಿ ಮಂಗಳೂರು ಮುಟ್ಟುವವರೆಗೂ ಅವರದು ಒಂದೇ ಗೋಳು: “ಬೆನ್ನು ಹಾಗಿರಲಿ, ತಲೆಯ ಹಿಂಭಾಗ ಸಿಡಿಯುತ್ತಿದೆ, ಅಡಿಗೆ ಏನಾದರೂ ಇಡು.” ಅಲುಗಿಸಬಾರದೆಂದು ನಾವು ಸುಮ್ಮನಿದ್ದೆವು. ಆಸ್ಪತ್ರೆಯಲ್ಲಿ ಸ್ಕ್ಯಾನಿನ ಸರದಿ ಬರುವವರೆಗೂ ಅದೇ ಹಲಗೆ. ಬೆನ್ನೆಲುಬಿನಲ್ಲಿ ಬಿರುಕು ಬಿಟ್ಟಿತ್ತು, ನರಕ್ಕೆ ಪೆಟ್ಟಾಗಿರಲಿಲ್ಲ, ದೇವರು ದೊಡ್ಡವನು. ಆದರೆ ಎರಡು ಮೂರು ದಿನ ಕಳೆದ ಮೇಲೆ ಸೊಂಟದ ಕೆಳಗೆ, ಮೂಳೆ ಉಬ್ಬಿರುವಲ್ಲಿ ನೇರಳೆ ಕಲೆ ಎದ್ದು ಹುಣ್ಣಾಯಿತು. ಒಂದು ಬೈರಾಸು ಮಡಚಿ ಇಟ್ಟಿದ್ದರೆ ತಪ್ಪಾಗುತ್ತಿತ್ತೇ? ನಮ್ಮೂರ ಕ್ಲಬ್ಬಿನವರು ಇಂಥದ್ದೇ ಹಲಗೆಗೆ ಹಣ ಸೇರಿಸುತ್ತಿದ್ದಾರೆ. ಕೊಳ್ಳಬಹುದೇ?

ಪೆರ್ಲದ ಹಿರಿಯ:
ಹುಣ್ಣು ಮಾಯುತ್ತದೆ, ನರ ಹೋದರೆ ಹೋಯಿತು. ನಮ್ಮ ಕಾಲದಲ್ಲಿ ಬಿದ್ದವರನ್ನು ಕಂಬಳಿಯಲ್ಲಿ ಜೋಲಿ ಕಟ್ಟಿ ಹೊತ್ತು ತಂದು ಜೀಪಿನಲ್ಲಿ ಕೂರಿಸುತ್ತಿದ್ದರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮೂಲೆ ಹಿಡಿದವರನ್ನು ಕಂಡಿದ್ದೇನೆ. ಹಲಗೆಯನ್ನು ದೂರಬೇಡಿ.

ಮಂಜೇಶ್ವರದ ನರ್ಸ್:
ಹಿರಿಯರೇ, ಜೀಪಿನ ಮಾತು ಸರಿ. ಆದರೆ ನರ ಬೇಕೋ ಚರ್ಮ ಬೇಕೋ ಎಂದು ಯಾರೂ ಕೇಳುತ್ತಿಲ್ಲ. ಎರಡನ್ನೂ ಉಳಿಸಬಹುದು. ತುರ್ತು ವಿಭಾಗದಲ್ಲಿ ದುಡಿಯುವ ನನಗೆ ಈ ಹಲಗೆಯ ಮೇಲೆ ಹಳೆಯ ಸಿಟ್ಟಿದೆ. ಅದು ಬಿದ್ದವರನ್ನು ಎತ್ತಿ ಗಾಡಿಗೆ ಹಾಕುವ ಸಾಧನ, ಹಾಸಿಗೆಯಲ್ಲ. 1994ರಲ್ಲಿ ಅಮೆರಿಕದಲ್ಲಿ ಯಾವ ಪೆಟ್ಟೂ ಇಲ್ಲದ 21 ಮಂದಿಯನ್ನು ಅದಕ್ಕೆ ಬಿಗಿದು 30 ನಿಮಿಷ ಮಲಗಿಸಿ ನೋಡಿದರು, ಒಬ್ಬರನ್ನೂ ಬಿಡದೆ ಎಲ್ಲರಿಗೂ ನೋವು ಬಂತು. ತಲೆಯ ಹಿಂಭಾಗ, ಸೊಂಟ. ನಿಮ್ಮ ಭಾವ ಹೇಳಿದ್ದೂ ಅದನ್ನೇ.

ಮಲಗಿದಾಗ ಮೈಯ ಭಾರವೆಲ್ಲ ತಲೆಯ ಹಿಂಭಾಗ, ಹೆಗಲ ಮೂಳೆ, ತ್ರಿಕಾಸ್ಥಿ (ಸೊಂಟದ ಕೆಳಗೆ ಉಬ್ಬಿರುವ ಮೂಳೆ), ಹಿಮ್ಮಡಿ ಇಷ್ಟರ ಮೇಲೇ ಕೂರುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಅಮುಕಿ ರಕ್ತ ನಿಲ್ಲುತ್ತದೆ. ಹಾನಿ ಒಳಗಿನ ಮಾಂಸದಲ್ಲಿ ಮೊದಲಾಗಿ, ಮೇಲೆ ಕಾಣಿಸಿಕೊಳ್ಳಲು ಒಂದೆರಡು ದಿನ ಹಿಡಿಯುತ್ತದೆ. ಹಾಗಾಗಿ ಎಲ್ಲರೂ ವಾರ್ಡಿನ ಹಾಸಿಗೆಯನ್ನು ಬಯ್ಯುತ್ತಾರೆ. ನಿಮ್ಮ ಭಾವ ಕೂಗಿಕೊಂಡದ್ದು ಒಳ್ಳೆಯದೇ. ಕೂಗದವರನ್ನು ಕಂಡರೆ ನನಗೆ ಹೆಚ್ಚು ಹೆದರಿಕೆ. ನರಕ್ಕೆ ಪೆಟ್ಟಾಗಿದ್ದರೆ ಒತ್ತುವುದು ತಿಳಿಯುವುದೇ ಇಲ್ಲ, ಜೊತೆಗೆ ರಕ್ತದೊತ್ತಡವೂ ಇಳಿದಿದ್ದರೆ ಚರ್ಮ ಬೇಗ ಸಾಯುತ್ತದೆ.

ಬೈರಾಸು ಇಡಬಹುದಿತ್ತು, ಆದರೆ ಮಲಗಿಸುವ ಮೊದಲು. ಮಲಗಿಸಿ ಬಿಗಿದ ಮೇಲೆ ನೀವು ತಲೆ ಎತ್ತಿ ತುರುಕಲು ಹೋಗದಿದ್ದುದು ಸರಿ. ದೊಡ್ಡವರಿಗೆ ತಲೆಯ ಕೆಳಗೆ ಸುಮಾರು 2 ಸೆಂಟಿಮೀಟರ್ ದಪ್ಪದ ಬಟ್ಟೆ ಇದ್ದರೆ ಕುತ್ತಿಗೆ ನೇರಕ್ಕೆ ಬರುತ್ತದೆ. ಪುಟ್ಟ ಮಕ್ಕಳ ತಲೆ ದೊಡ್ಡದು, ಅವರಿಗೆ ಹೆಗಲ ಕೆಳಗೆ ಬೇಕು. ನಡುವಿನ ಟೊಳ್ಳಿಗೆ, ಮೊಣಕಾಲಿನ ಹಿಂದೆ ಮಡಚಿದ ಬಟ್ಟೆ. ಮೀನಖಂಡದ ಕೆಳಗೂ ಇಟ್ಟರೆ ಹಿಮ್ಮಡಿ ಹಲಗೆಗೆ ತಾಗುವುದಿಲ್ಲ. ಬೆನ್ನು ಬಾಗಿದ ಅಜ್ಜಂದಿರನ್ನು ಒತ್ತಿ ಚಪ್ಪಟೆ ಮಾಡಬೇಡಿ, ಅವರ ಬಾಗಿಗೆ ತಕ್ಕಂತೆ ತಲೆಗೆ ಎತ್ತರ ಕೊಡಿ. ಹೊರೆ ಹೊರುವ ಸಿಂಬಿಯಂತೆ ಬಟ್ಟೆ ಸುತ್ತಿ ತಲೆಯಡಿ ಇಡುವವರಿದ್ದಾರೆ, ಅದು ಬೇಡವೇ ಬೇಡ. ಸಿಂಬಿಯ ಅಂಚೇ ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತ ಸಿಗದಂತೆ ಮಾಡುತ್ತದೆ.

ಇನ್ನೊಂದು. ಮರ ಹತ್ತುವವರ ಸೊಂಟದಲ್ಲಿ ಕತ್ತಿ ಸಿಕ್ಕಿಸುವ ಕೊಕ್ಕೆ, ಉಡಿದಾರದ ತಾಯಿತ, ಹಿಂಜೇಬಿನಲ್ಲಿ ಮೊಬೈಲ್, ಬೀಗದ ಕೈ ಇರುತ್ತವೆ. ಇವುಗಳ ಅಚ್ಚನ್ನು ಬೆನ್ನಿನ ಮೇಲೆ ನಾನು ನೋಡಿದ್ದೇನೆ. ಕತ್ತರಿಸಿಯಾದರೂ ತೆಗೆಯಿರಿ. ಬೋರ್ಡೋದಲ್ಲಿ ತೊಯ್ದ ಅಂಗಿಯನ್ನೂ ಕತ್ತರಿಸಿ ತೆಗೆದು ಒಣ ಬಟ್ಟೆ ಹೊದೆಸಿ. ಒದ್ದೆ ಚರ್ಮ ಬೇಗ ಕಿತ್ತುಬರುತ್ತದೆ, ಅದರ ಮೇಲೆ ಸುಣ್ಣದ ಉರಿ ಬೇರೆ.

ಆಸ್ಪತ್ರೆ ಮುಟ್ಟಿದ ಕೂಡಲೇ “ಹಲಗೆ ಯಾವಾಗ ತೆಗೆಯುತ್ತೀರಿ?” ಎಂದು ಕೇಳಿ. ಅದು ದಾರ್ಷ್ಟ್ಯವಲ್ಲ. ಒಬ್ಬರು ತಲೆ ಹಿಡಿದು ಹೇಳಿದಂತೆ ಮಿಕ್ಕವರು ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ, ಬೆನ್ನು ಪರೀಕ್ಷಿಸುವಾಗಲೇ ಹಲಗೆ ಎಳೆಯುತ್ತಾರೆ. ಸ್ಕ್ಯಾನಿಗೆ ಹಲಗೆ ಬೇಕಿಲ್ಲ. ಕಾಲರ್ ಬಿಗಿದ ಗದ್ದ, ಕೊರಳೆಲುಬುಗಳ ಚರ್ಮವನ್ನೂ ನೋಡಲು ಹೇಳಿ. ಕೆಂಪಾದಲ್ಲಿ ತಿಕ್ಕಬೇಡಿ. ನಮ್ಮ ಕಪ್ಪು ಮೈಯಲ್ಲಿ ಕೆಂಪು ಕಾಣುವುದೂ ಕಷ್ಟ, ಮುಟ್ಟಿ ಬಿಸಿಯೋ ಗಡುಸೋ ನೋಡಬೇಕು.

ಮುಳ್ಳೇರಿಯದ ತೋಟದವ:
ಅಕ್ಕಾ, ಹಾಗಾದರೆ ಕ್ಲಬ್ಬಿಗೆ ಏನು ಕೊಳ್ಳಲಿ?

ಮಂಜೇಶ್ವರದ ನರ್ಸ್:
ಉದ್ದಕ್ಕೆ ಎರಡು ಹೋಳಾಗುವ ಸ್ಕೂಪ್ ಸ್ಟ್ರೆಚರ್. ತೋಟದ ಕಣಿಯ ಪಕ್ಕ ಬಿದ್ದವರನ್ನು ಪೂರ್ತಿ ಹೊರಳಿಸಬೇಕಿಲ್ಲ, ಎರಡು ಬದಿಯಿಂದ ತೂರಿಸಿ ಜೋಡಿಸಿದರಾಯಿತು. ಆಂಬುಲೆನ್ಸಿನ ಮಂಚಕ್ಕೆ ಇಳಿಸಿ ಬಿಚ್ಚಿ ತೆಗೆದರೆ, ರೋಗಿ ಹಾಸಿಗೆಯ ಮೇಲೆಯೇ ಪಟ್ಟಿ ಬಿಗಿಸಿಕೊಂಡು ಪ್ರಯಾಣ ಮಾಡಬಹುದು. ಅಮೆರಿಕದ ಶಸ್ತ್ರವೈದ್ಯರು ಮತ್ತು ತುರ್ತು ವೈದ್ಯರ ಸಂಘಗಳು 2018ರಲ್ಲಿ ಇದನ್ನೂ ಒಪ್ಪಿ ಹೇಳಿಕೆ ಕೊಟ್ಟಿವೆ. ಗಾಳಿ ಹೀರಿದಾಗ ಮೈಯ ಆಕಾರಕ್ಕೆ ಗಟ್ಟಿಯಾಗುವ ವ್ಯಾಕ್ಯೂಮ್ ಹಾಸಿಗೆ ಇನ್ನೂ ಹಿತ, ಆದರೆ ತೂತು ಬಿದ್ದರೆ ಕೆಟ್ಟಿತು. ಅಡಿಕೆ ತೋಟಕ್ಕೆ ನಾನು ಅದನ್ನು ಕಳಿಸಲಾರೆ. ಯಾವುದೇ ತಂದರೂ ತರಬೇತಿ ಕೊಡಿಸಿ. ಹಣ ಉಳಿದರೆ ಕಾರ್ಬನ್ ಫೈಬರ್ ದೋಟಿ ಕೊಳ್ಳಿ, ನೆಲದಲ್ಲಿ ನಿಂತೇ ಔಷಧಿ ಬಿಡಬಹುದು.

ಕುಂಬಳೆಯ ಚಾಲಕ:
ಆಂಬುಲೆನ್ಸ್ ಓಡಿಸುವವನಾಗಿ ಒಂದು ಮಾತು ಸೇರಿಸುತ್ತೇನೆ. ಹಲಗೆಗೆ ಹಾಕಿದ ಸಮಯವನ್ನು ಪ್ಲಾಸ್ಟರ್ ಮೇಲೆ ಬರೆದು ರೋಗಿಯ ಎದೆಗೆ ಅಂಟಿಸಿ. ಬಾಗಿಲಲ್ಲಿ ನಾವು ಬಾಯಲ್ಲಿ ಹೇಳಿದ್ದು ಒಳಗೆ ಮುಟ್ಟುವುದಿಲ್ಲ.