ಫ್ಯೂರಿಯೋಸಾ: ಆ ಮೊದಲ ಒಂದು ಗಂಟೆ ನಿಮಗೆ ಹಿಡಿಸಿತಾ?

ಕೊನೇಸಾಲಿನ ಸೀಟು

ಕಥೆ ಪೂರ್ತಿ ಬಿಚ್ಚಿಡುತ್ತಿದ್ದೇನೆ. ಸಿನಿಮಾ ನೋಡಿಲ್ಲದವರು ಇಲ್ಲೇ ನಿಲ್ಲಿಸಿ.

ನನಗೆ ಮ್ಯಾಡ್ ಮ್ಯಾಕ್ಸ್ ಸಿನಿಮಾ ಸರಣಿಯ ಹುಚ್ಚು ಹಿಡಿದದ್ದು 2015ರಲ್ಲಿ. ಫ್ಯೂರಿ ರೋಡ್ ಅನ್ನು ಥಿಯೇಟರಿನಲ್ಲೇ ಮೂರು ಸಲ ನೋಡಿದೆ. ಮೂರನೇ ಸಲ ಹೋದದ್ದು ಬರೀ ಆ ಮರಳಿನ ಬಿರುಗಾಳಿಗೆ. ಹಾಗಾಗಿ 2024ರ ಮೇ ತಿಂಗಳಲ್ಲಿ, ಅದರ ಹೀರೋಯಿನ್‌ನ ಹಿಂದಿನ ಕಥೆ ಹೇಳುವ ಫ್ಯೂರಿಯೋಸಾ ಬಂದ ಮೊದಲ ಶನಿವಾರವೇ ಡಿಗ್ರಿ ಓದುವ ಅಕ್ಕನ ಮಗನನ್ನು ಎಳೆದುಕೊಂಡು ಹೋದೆ. ಹಾಲ್‌ನಲ್ಲಿ ನಮ್ಮಿಬ್ಬರನ್ನೂ ಸೇರಿಸಿ ಹನ್ನೊಂದು ಜನ. ಪಾಪ್‌ಕಾರ್ನ್ ಡಬ್ಬ ಖಾಲಿಯಾಯಿತು. ಅವನು ಕಿವಿಯಲ್ಲಿ, "ಮಾಮಾ, ಹೀರೋಯಿನ್ ಯಾವಾಗ ಬರ್ತಾಳೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಮುನಿಸು ಇಷ್ಟೇ. ಹೀರೋಯಿನ್ ಅನ್ಯಾ ಟೇಲರ್ ಜಾಯ್ ಬರುವುದಕ್ಕೆ ಸುಮಾರು ಒಂದು ಗಂಟೆ ಬೇಕು. ಅಲ್ಲಿಯವರೆಗೆ ಅದೇ ಪಾತ್ರದಲ್ಲಿ ಪುಟ್ಟ ಹುಡುಗಿ ಅಲೈಲಾ ಬ್ರೌನ್ (ಚೆನ್ನಾಗಿಯೇ ಮಾಡಿದ್ದಾಳೆ, ಆ ಮಾತು ಬೇರೆ). ಬಂದ ಮೇಲಾದರೂ ಮಾತಾಡುತ್ತಾಳಾ ಅಂದರೆ ಅದೂ ಇಲ್ಲ. ಇಡೀ ಸಿನಿಮಾದಲ್ಲಿ ಬೆರಳೆಣಿಕೆಯಷ್ಟು ಮಾತು. ಇವಳು ಸಾಯುವುದಿಲ್ಲ, ಎಡಗೈ ಹೋಗುತ್ತದೆ, ಎರಡೂ ನಮಗೆ ಮೊದಲೇ ಗೊತ್ತು. ಇನ್ನು ಎದೆ ಡವಗುಟ್ಟುವುದು ಯಾಕೆ? ನಲವತ್ತು ದಿನದ ಯುದ್ಧ ಅಂತ ಬಾಯಲ್ಲಿ ನೀರೂರಿಸಿ, ಅದನ್ನು ಅರೆಗಳಿಗೆಯಲ್ಲಿ ಮುಗಿಸಿಬಿಟ್ಟರು.

ಹೋದ ವಾರ ಮನೆಯಲ್ಲಿ ಒಬ್ಬನೇ ಕೂತು ಮತ್ತೆ ನೋಡಿದೆ. ಈ ಸಲ ಅಷ್ಟು ಬೇಸರ ಆಗಲಿಲ್ಲ. ಯಾಕೆ ಅಂತ ಗೊತ್ತಾಗುತ್ತಿಲ್ಲ. ನಿಮಗೆಲ್ಲ ಏನನ್ನಿಸಿತು?

ಮರಳುಗಾಡಿನ ಮಾಣಿ

ಮೊದಲ ಸಲ ಅನ್ನಿಸಿದ್ದೇ ಸರಿ, ಗುರೂ. ಎರಡನೇ ಸಲ ನೀವು ಸುಮ್ನೆ ಕರಗಿದ್ದೀರಿ.

ಫ್ಯೂರಿ ರೋಡ್ ಅನ್ನು ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ತೆಗೆಯಬೇಕಿತ್ತು. ಮಳೆ ಬಂದು ಮರುಭೂಮಿಯೆಲ್ಲ ಹೂ ಬಿಟ್ಟಿತು ಅಂತ ನಮೀಬಿಯಾಗೆ ಹೋದರು. ಆ ಬಿಸಿಲು, ಆ ಧೂಳು ಪರದೆಯಿಂದ ನಮ್ಮ ಕಣ್ಣಿಗೇ ಬೀಳುತ್ತಿತ್ತು. ಫ್ಯೂರಿಯೋಸಾ ತೆಗೆದದ್ದು ವಾಪಸ್ ಆಸ್ಟ್ರೇಲಿಯಾದಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ. ಜಾಗ ನಿಜವಾದದ್ದೇ. ಆದರೂ ಎಷ್ಟೋ ಕಡೆ ಕಂಪ್ಯೂಟರಿನ ಬಣ್ಣ ಎದ್ದು ಕಾಣುತ್ತದೆ, ಮರಳು ಮರಳಿನ ಹಾಗಿಲ್ಲ. ಸಾಲದ್ದಕ್ಕೆ ಕೊನೆಯಲ್ಲಿ ಹೆಸರುಗಳು ಬರುವಾಗ ಫ್ಯೂರಿ ರೋಡ್‌ನ ತುಣುಕುಗಳನ್ನೇ ತೋರಿಸುತ್ತಾರೆ. ನಮ್ಮ ಮನೆಯಲ್ಲಿ ಊಟ ಹಾಕಿ, ಕೈ ತೊಳೆಯುವಾಗ ಪಕ್ಕದ ಮನೆಯ ಪಾಯಸ ತೋರಿಸಿದ ಹಾಗೆ!

ಯುದ್ಧದ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ನಾನೂ ಇದ್ದೇನೆ. ಅದು ಮೋಸ.

ಟ್ಯಾಂಕರ್ ಸೀನ

ನಾನು ಸಿನಿಮಾ ಪಂಡಿತ ಅಲ್ಲ. ಲಾರಿ ಗ್ಯಾರೇಜಿನವನು. ನನಗೆ ಹಿಡಿಸಿದ್ದು ಆ ಮೊದಲ ಗಂಟೆ, ಮತ್ತೆ ಅದರ ಹಿಂದೆಯೇ ಬರುವ ಟ್ಯಾಂಕರ್ ಹೊಡೆದಾಟ.

ನಾನು ಗ್ಯಾರೇಜಿಗೆ ಸೇರಿದಾಗ ಹದಿಮೂರು ವರ್ಷ. ಮೊದಲ ಎರಡು ವರ್ಷ ನನ್ನ ಹೆಸರು ಯಾರೂ ಕೇಳಲಿಲ್ಲ. "ಏಯ್, ಹದಿನಾಲ್ಕು-ಹದಿನೈದು ಪಾನಾ ಕೊಡೋ", ಅಷ್ಟೇ. ನಾನೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ತಲೆಗೆ ಒಂದು ಬೀಳುತ್ತಿತ್ತು. ಲಾರಿ ಅಡಿಗೆ ಗೋಣಿಚೀಲ ಹಾಸಿಕೊಂಡು ಮಲಗಿ, ಮೇಸ್ತ್ರಿ ಕೈ ಎಲ್ಲಿ ಹೋಗುತ್ತದೆ ಅಂತ ನೋಡುವುದೇ ಕೆಲಸ. ಗ್ರೀಸು ಕಣ್ಣಿಗೆ ತೊಟ್ಟಿಕ್ಕಿದರೂ ಒರೆಸಿಕೊಳ್ಳಲು ಕೈ ಖಾಲಿ ಇರುತ್ತಿರಲಿಲ್ಲ.

ಈ ಹುಡುಗಿ ಮಾಡುವುದೂ ಅದನ್ನೇ ಅಲ್ವಾ? ಮೂಕ ಹುಡುಗನ ವೇಷ ಹಾಕಿಕೊಂಡು ಮೆಕ್ಯಾನಿಕ್‌ಗಳ ಗುಂಪಿನಲ್ಲಿ ಸೇರಿಕೊಳ್ಳುತ್ತಾಳೆ. ಗಾಡಿ ಕಟ್ಟುವುದನ್ನು ನೋಡಿ ನೋಡಿ ಕಲಿಯುತ್ತಾಳೆ. ಆಮೇಲೆ ಅದೇ ಗಾಡಿಯ ಹೊಟ್ಟೆ ಕೆಳಗೆ ಅವಿತುಕೊಂಡು ಹೊರಡುತ್ತಾಳೆ. ಮೇಲೆ ಅಷ್ಟೊಂದು ಗಲಾಟೆ. ಆಕಾಶದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಬರುವವರು, ಗಾಡಿಯ ಹಿಂದೆ ಗಿರಗಿರ ತಿರುಗುವ ಕಬ್ಬಿಣದ ಗುಂಡುಗಳು. ನಾನು ನೋಡುತ್ತಿದ್ದದ್ದು ಅಡಿಯಲ್ಲಿ ಅವಳ ಕೈಯನ್ನು. ಯಾವುದನ್ನು ಹಿಡಿದರೆ ತಡೆಯುತ್ತದೆ, ಯಾವುದು ಸುಡುತ್ತದೆ, ಎಲ್ಲ ಗೊತ್ತು ಆ ಕೈಗೆ. ಆ ಹದಿನೈದು ನಿಮಿಷಕ್ಕೆ 78 ದಿನ ಶೂಟಿಂಗ್ ಮಾಡಿದ್ದಾರಂತೆ ಅಂತ ಓದಿದೆ. ನಂಬುತ್ತೇನೆ. ಒಂದು ಗಂಟೆ ಸುಮ್ಮನಿದ್ದದ್ದರ ಬಡ್ಡಿ ಅಲ್ಲಿ ಬರುತ್ತದೆ. ಗಾಡಿ ಓಡಿಸುವ ಜ್ಯಾಕ್ ಅವಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೂ ಅದನ್ನು ಕಂಡೇ. ಮಾತು ಕಮ್ಮಿ ಅನ್ನುತ್ತೀರಲ್ಲ, ಹೆಲ್ಪರ್ ಹುಡುಗರಿಗೆ ಮಾತು ಎಲ್ಲಿಂದ ಬರಬೇಕು ಸರ್?

ಗ್ಯಾರೇಜಿನವನಾಗಿ ಒಂದು ತಕರಾರು, ಈ ಸಿನಿಮಾದ್ದಲ್ಲ, 1979ರ ಮೊದಲ ಮ್ಯಾಡ್ ಮ್ಯಾಕ್ಸ್‌ದ್ದು. ಹೀರೋ ಮ್ಯಾಕ್ಸ್‌ನ ಕಪ್ಪು ಫೋರ್ಡ್ ಫಾಲ್ಕನ್ ಬಾನೆಟ್ ಮೇಲೆ ಒಂದು ಸೂಪರ್‌ಚಾರ್ಜರ್ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ) ನಿಂತಿರುತ್ತದಲ್ಲ, ಅದು ಬರೀ ತೋರಿಕೆಗೆ ಕೂರಿಸಿದ್ದು. ಕೆಲಸವನ್ನೇ ಮಾಡುತ್ತಿರಲಿಲ್ಲ. ನಮ್ಮೂರಲ್ಲಿ ಲಾರಿ ಮುಂದೆ ನಾಲ್ಕು ಡಮ್ಮಿ ಹಾರ್ನ್ ಕಟ್ಟುವ ಹಾಗೆ.

ಉಪ್ಪಿನಕಾಯಿ ಜಾಡಿ

ಕೈ ಹೋಗುವುದು ಮೊದಲೇ ಗೊತ್ತು ಅಂದಿರಿ. ಸರಿ. ಆದರೆ ಆ ಕೈ ಮೇಲೆ ಏನಿತ್ತು ಅಂತ ಗೊತ್ತಿತ್ತಾ?

ಊರಿಗೆ ಹೋಗುವ ದಾರಿಯನ್ನು ನಕ್ಷತ್ರಗಳ ನಕ್ಷೆ ಮಾಡಿ ಅದೇ ಎಡಗೈ ಮೇಲೆ ಹಚ್ಚೆ ಹಾಕಿಕೊಂಡಿರುತ್ತಾಳೆ. ಅವಳ ಅಮ್ಮನನ್ನು ಕೊಂದ ಖಳನಾಯಕ ಡಿಮೆಂಟಸ್ ಅವಳನ್ನು ಆ ಕೈಯಿಂದಲೇ ನೇತುಹಾಕುತ್ತಾನೆ. ತಪ್ಪಿಸಿಕೊಳ್ಳಬೇಕಾದರೆ ಕೈ ಬಿಡಬೇಕು, ಕೈ ಬಿಟ್ಟರೆ ದಾರಿ ಹೋಯಿತು. ನನಗೆ ಥಿಯೇಟರಿನಲ್ಲಿ ಅದು ಹೊಳೆಯುವುದಕ್ಕೆ ಎರಡು ನಿಮಿಷ ಬೇಕಾಯಿತು. ಹೊಳೆದ ಮೇಲೆ ಮುಂದಿನ ಸೀನು ಸರಿಯಾಗಿ ನೋಡಲೇ ಇಲ್ಲ.

ಈಗ ಫ್ಯೂರಿ ರೋಡ್‌ನಲ್ಲಿ ಅವಳ ಊರಾದ ಆ ಹಸಿರು ಜಾಗವೇ ಇಲ್ಲ ಅಂತ ಗೊತ್ತಾದಾಗ ಅವಳು ಮರಳಲ್ಲಿ ಮಂಡಿಯೂರಿ ಕೂಗುತ್ತಾಳಲ್ಲ, ಅದನ್ನು ಒಮ್ಮೆ ನೋಡಿ. 2015ರ ಹಳೆಯ ಸೀನು, ಹೊಸದಾಗಿ ಅಳು ಬರುತ್ತದೆ. ಸುಮ್ನೆ ಆಮೇಲೆ ಹೊಂದಿಸಿದ ಕಥೆಯಲ್ಲ ಇದು. ನಿರ್ದೇಶಕ ಜಾರ್ಜ್ ಮಿಲ್ಲರ್ ಫ್ಯೂರಿ ರೋಡ್ ಚಿತ್ರೀಕರಣಕ್ಕೂ ಮೊದಲೇ ಇದರ ಸ್ಕ್ರಿಪ್ಟ್ ಬರೆಸಿಟ್ಟಿದ್ದರು.

ಇನ್ನು ಪೀಚ್ ಹಣ್ಣಿನ ಓಟೆ. ಅಮ್ಮ ಕೊಟ್ಟದ್ದನ್ನು ಅಷ್ಟು ವರ್ಷ ಬಚ್ಚಿಟ್ಟುಕೊಂಡು, ಕೊನೆಗೆ ಅವಳು ಅದನ್ನು ನೆಡುವುದು ಆ ಡಿಮೆಂಟಸ್‌ನ ಮೈಯಲ್ಲೇ, ನೆನಪಿದೆ ತಾನೇ? ಆ ರಾತ್ರಿ ನನಗೆ ಹಣ್ಣು ತಿನ್ನಲು ಆಗಲಿಲ್ಲ.

ಯುದ್ಧ ತೋರಿಸಲಿಲ್ಲ ಅಂತ ನನಗೇನೂ ಬೇಜಾರಿಲ್ಲ. ಅದು ಆ ಗಂಡಸರ ಯುದ್ಧ. ಇವಳಿಗೆ ಬೇಕಾಗಿದ್ದವನು ಒಬ್ಬನೇ.

ಮರಳುಗಾಡಿನ ಮಾಣಿ

ಅಕ್ಕಾ, ಕೈ ವಿಷಯ ಒಪ್ಪಿದೆ. ಕಂಪ್ಯೂಟರ್ ಮರಳು ಒಪ್ಪುವುದಿಲ್ಲ.

ಕೊನೇಸಾಲಿನ ಸೀಟು

ಆ ನಕ್ಷೆಯನ್ನು ನಾನು ಎರಡು ಸಲವೂ ನೋಡಿದ್ದೇನೆ, ಕೈ ಹೋದಾಗ ಮಾತ್ರ ನೆನಪೇ ಆಗಲಿಲ್ಲ. ಬೇರೆಯವರು ಹೇಳಬೇಕಾಯಿತಲ್ಲ ಅಂತ ನಾಚಿಕೆಯಾಗುತ್ತಿದೆ. ಭಾನುವಾರ ಅಕ್ಕನ ಮಗನನ್ನು ಕೂರಿಸಿಕೊಂಡು ಎರಡನ್ನೂ ಒಂದರ ಹಿಂದೆ ಒಂದು ನೋಡುತ್ತೇನೆ. ಒಂದು 148 ನಿಮಿಷ, ಇನ್ನೊಂದು ಎರಡು ಗಂಟೆ. ಮಧ್ಯೆ ಊಟ.

ಸೀನಣ್ಣ, ಸಿನಿಮಾ ಬಿಡಿ. ನಿಮ್ಮ ಕೈಗೆ ಸ್ಟೀರಿಂಗ್ ಕೊಟ್ಟದ್ದು ಎಷ್ಟನೇ ವರ್ಷಕ್ಕೆ?

ಟ್ಯಾಂಕರ್ ಸೀನ

ಐದನೇ ವರ್ಷ. ಗ್ಯಾರೇಜ್ ಒಳಗೆ, ರಿವರ್ಸ್ ಮಾತ್ರ.